ರೇಡಿಯೋ ಮೇಷ್ಟ್ರ ಕೊನೆಯ ರಿಪೇರಿ

"ಎಡಗಡೆ ವೈರು ಬಲಗಡೆಗೆ ಹಾಕು, ಬಲಗಡೇದು ಎಡಗಡೆಗೆ," ಎಂದು ಫ್ಯೂಸು ಮಾಮ ಡಿಸ್ಕ್ ಪ್ಲೇಯರಿನ ಹಿಂದೆ ತಲೆ ತೂರಿಸಿಕೊಂಡೇ ಹೇಳಿದ. ಮಂಡಿಯೂರಿ ಕೂತಿದ್ದ ಮೇಷ್ಟ್ರ ಮಗಳು ವೈರುಗಳನ್ನು ಅದಲು ಬದಲು ಮಾಡಿದಳು.

ಅವರ ಬೆನ್ನ ಹಿಂದೆ, ಹಾಲಿನ ನಡುವಿನ ಮಂಚದ ಮೇಲೆ, ಆ ಪ್ಲೇಯರಿನ ಒಡೆಯ ರೇಡಿಯೋ ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೂವಿನ ನಡುವೆ ಮಲಗಿದ್ದರು. ವಯಸ್ಸು ಎಪ್ಪತ್ತೊಂಬತ್ತು. ಹಿಂದಿನ ದಿನ ಊಟ ಮುಗಿಸಿ ಕುರ್ಚಿಯಲ್ಲಿ ಕಣ್ಣು ಮುಚ್ಚಿದವರು ಮತ್ತೆ ತೆರೆದಿರಲಿಲ್ಲ. ಅವರನ್ನು ಒಯ್ಯುವ ಗಾಡಿ ಹನ್ನೊಂದಕ್ಕೆ ಬರುವುದಿತ್ತು.

ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ನಲವತ್ತು ವರ್ಷ ರೇಡಿಯೋ, ಟೇಪ್ ರೆಕಾರ್ಡರು ರಿಪೇರಿ ಮಾಡಿದವರು. ಸಾಮಾನು ವಾಪಸು ಕೊಡುವ ಮೊದಲು ಅದು ಯಾಕೆ ಕೆಟ್ಟಿತು ಎಂದು ಗಿರಾಕಿಗೆ ಕಾಲು ಗಂಟೆ ವಿವರಿಸುತ್ತಿದ್ದರು. ಹಾಗಾಗಿ ಮೇಷ್ಟ್ರು. ಅದೇ ಅಂಗಡಿಯ ಪಕ್ಕದ ಮೇಜಿನಲ್ಲಿ ಅಷ್ಟೂ ವರ್ಷ ದುಡಿದವನು ಫ್ಯೂಸು. ಕೋಪ ಮೂಗಿನ ತುದಿಯಲ್ಲೇ ಇರುತ್ತಿದ್ದುದರಿಂದ ಅವನಿಗೆ ಆ ಹೆಸರು.

"ನಾನು ಹೋದ ದಿನ ಯಾರೂ ಭಾಷಣ ಬಿಗೀಬೇಡಿ," ಎಂದು ಮೇಷ್ಟ್ರು ಹೇಳಿಟ್ಟಿದ್ದರು. "ನನ್ನ ಪ್ಲೇಯರಲ್ಲಿ ಒಂದು ಡಿಸ್ಕ್ ಹಾಕಿ, ಕೇಳಿ, ಕಳಿಸಿ."

ಅದರಂತೆ ಬೆಳಗ್ಗೆ ಮನೆಯವರು ಹಾಕಿದ್ದರು. ಬಂದ ಸದ್ದು ಕೇಳಿ ಒಬ್ಬರ ಮುಖ ಒಬ್ಬರು ನೋಡಿಕೊಂಡಿದ್ದರು. ಡೋಲಿನ ಬದಲು ಯಾರೋ ಬಿಸ್ಕತ್ತಿನ ಡಬ್ಬ ಬಡಿದಂತಿತ್ತು. ಹಾಡುವವನಿಗೆ ನೆಗಡಿಯಾಗಿತ್ತು.

ವೈರು ಬದಲಿಸಿದ ಮೇಲೂ ಅದೇ ಡಬ್ಬ, ಅದೇ ನೆಗಡಿ.

"ದೀಪದ ಬುಡದಲ್ಲೇ ಕತ್ತಲೆ ನೋಡಿ," ಎಂದ ಎದುರು ಮನೆಯ ದರ್ಜಿ. "ಊರಿನವರದ್ದೆಲ್ಲ ಸರಿ ಮಾಡಿದ್ರು, ತಮ್ಮದೇ ಹಿಂಗೆ. ವಯಸ್ಸಾದ್ಮೇಲೆ ಕೈ ನಡುಗುತ್ತೆ, ಪಾಪ."

"ಅವನ ಕೈ ನಡುಗ್ತಿತ್ತಾ?" ಫ್ಯೂಸು ತಲೆ ಹೊರಗೆ ತೆಗೆದ. "ನಿನ್ನ ನಾಲಿಗೆಗಿಂತ ಹಿಡಿತದಲ್ಲಿತ್ತು."

"ಮಾಮ, ಮೆಲ್ಲಗೆ. ಅಮ್ಮ ಒಳಗೆ ಸೀರೆ ಬದಲಾಯಿಸ್ತಿದ್ದಾಳೆ," ಎಂದಳು ಮಗಳು.

*

ಹನ್ನೆರಡು ವರ್ಷದ ಹಿಂದೆ, ಅಂಗಡಿ ಮುಚ್ಚಿದ ಮೇಲೆ, ಮೇಷ್ಟ್ರು ಈ ಪ್ಲೇಯರನ್ನು ಮನೆಗೆ ತಂದಿದ್ದರು. ಒಂದು ವಾರ ಕೇಳಿ ಮುಖ ಸಿಂಡರಿಸಿದರು.

"ಆಸ್ಪತ್ರೆ ಗೋಡೆ ಇದ್ದಂಗಿದೆ ಕಣೋ ಹಾಡು. ಬೆಳ್ಳಗಿದೆ, ಮುಟ್ಟಿದ್ರೆ ತಣ್ಣಗೆ."

"ಹೊಸಾದು ಹಂಗೇ ಇರೋದು. ಸುಮ್ನೆ ಕೇಳು," ಎಂದಿದ್ದ ಫ್ಯೂಸು.

ಸುಮ್ಮನಿರುವುದು ಮೇಷ್ಟ್ರ ಜಾಯಮಾನವಲ್ಲ. ಪ್ಲೇಯರಿನ ಹೊಟ್ಟೆ ಬಗೆದು, ಹಳೇ ರೇಡಿಯೋದಿಂದ ಕಿತ್ತ, ಬಲ್ಬಿನಂಥ ಎರಡು ಗಾಜಿನ ವಾಲ್ವುಗಳನ್ನು ಅದರೊಳಗೆ ಕೂರಿಸಲು ಹೊರಟರು. ಉರಿಯುವ ವಾಲ್ವಿನೊಳಗಿಂದ ಹಾದು ಬಂದರೆ ಹಾಡು ಬೆಚ್ಚಗಾಗುತ್ತದೆ ಎಂಬುದು ಅವರ ನಂಬಿಕೆ. ಮೂರು ತಿಂಗಳು ಕೂತರು. ಮುಗಿದ ದಿನ ಬೀದಿಯವರನ್ನೆಲ್ಲ ಕರೆದು ಕೂರಿಸಿದರು. ಡೋಲಿಗೆ ಬಿದ್ದ ಏಟಿಗೆ ಕಿಟಕಿ ಗಾಜು ಗುಂಯ್ ಎಂದಿತು.

"ಎದೇಲಿ ಬಡೀತು ಮೇಷ್ಟ್ರೇ!" ಎಂದು ಎದೆ ಹಿಡಿದುಕೊಂಡವನು ಇದೇ ದರ್ಜಿ.

ಹೆಂಡತಿ ಮಾತ್ರ, "ಡೋಲು ನಿಮಗಿರಲಿ. ನಂಗೆ ಆ ಕೊಳಲು ಸಾಕು," ಎಂದಿದ್ದರು.

*

ಫ್ಯೂಸು ಡ್ರಾಯರಿನಿಂದ ಬೇರೆ ವಾಲ್ವುಗಳನ್ನು ತೆಗೆದು ಹಾಕಿದ. ಬದಲಾಗಲಿಲ್ಲ. ಬೇರೆ ಡಿಸ್ಕ್ ಹಾಕಿದ. ಬದಲಾಗಲಿಲ್ಲ. ಕೊನೆಗೆ ನೆಲದ ಮೇಲೆ ಕೂತು ಗಲ್ಲ ಕೆರೆದುಕೊಂಡ.

"ಒಂದು ಕಡೆ ಕೆಟ್ಟಿದ್ರೆ ಅದು ತಾನಾಗಿ ಕೆಟ್ಟಿದ್ದು. ಎರಡೂ ಕಡೆ ಒಂದೇ ಥರ ಕೆಟ್ಟಿದೆ ಅಂದ್ರೆ, ಯಾರೋ ಕೂತು ಕೆಡಿಸಿದ್ದು."

ಕರೆಂಟು ತೆಗೆದು, ಸ್ವಲ್ಪ ಕಾದು, ಮುಚ್ಚಳದ ಸ್ಕ್ರೂ ಬಿಚ್ಚಿದ. ಒಳಗೆ ವೈರುಗಳು ಎಣ್ಣೆ ಹಚ್ಚಿ ಬಾಚಿದ ತಲೆಗೂದಲಿನಂತೆ ಸಾಲಾಗಿದ್ದವು. ಒಂದೊಂದು ಬೆಸುಗೆಯೂ ನೀರಹನಿಯಂತೆ ಹೊಳೆಯುತ್ತಿತ್ತು.

"ಬಾರಯ್ಯ ಇಲ್ಲಿ," ಎಂದು ದರ್ಜಿಯನ್ನು ಕರೆದ. "ನೋಡು, ನಡುಗೋ ಕೈ ಮಾಡಿದ ಕೆಲಸ."

ದರ್ಜಿ ಹೊಲಿಗೆ ನೋಡುವವನಂತೆಯೇ ಬಗ್ಗಿ ನೋಡಿದ.

ಅಷ್ಟರಲ್ಲಿ ಫ್ಯೂಸುವಿನ ಬೆರಳು ಒಂದು ಕಡೆ ನಿಂತಿತು. "ಅಲ್ಲ, ಇಲ್ಲಿ ಹೆಬ್ಬೆರಳು ಗಾತ್ರದ ಕಂಡೆನ್ಸರು ಇರಬೇಕು. ಕಡಲೆಕಾಳಿನಷ್ಟು ಹಾಕಿದ್ದಾನೆ. ದಪ್ಪ ಸದ್ದನ್ನೆಲ್ಲ ಇದು ಬಾಗಿಲಲ್ಲೇ ತಡೆಯುತ್ತೆ, ಕೀರಲು ಸದ್ದನ್ನ ಮಾತ್ರ ಹೊರಗೆ ಬಿಡುತ್ತೆ. ಇವನಿಗೇನು ಬಂದಿತ್ತು ಕೇಡು!"

"ಮಾಮ," ಎಂದಳು ಮಗಳು, ಮುಚ್ಚಳವನ್ನು ತಿರುಗಿಸಿ ಹಿಡಿದು.

ಮುಚ್ಚಳದ ಒಳಗೆ ಹಳೆಯ ಕಂಡೆನ್ಸರುಗಳೆರಡನ್ನೂ ಟೇಪಿನಿಂದ ಅಂಟಿಸಲಾಗಿತ್ತು. ಕೆಳಗೆ ಒಂದು ಚೀಟಿ. ಎರಡು ವರ್ಷದ ಹಿಂದಿನ ತಾರೀಕು.

'ಫ್ಯೂಸು, ಇದನ್ನು ಬಿಚ್ಚುವವನು ನೀನೊಬ್ಬನೇ ಅಂತ ಗೊತ್ತು. ಕೈ ತೆಗಿ. ಅವಳಿಗೆ ಕೊಳಲು ಕೇಳಿಸ್ತಿದೆ.'

ಮಗಳಿಗೆ ಮೊದಲು ನಗು ಬಂತು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು.

*

ಆ ವರ್ಷ ಅಮ್ಮನಿಗೆ ಒಂದೊಂದೇ ಸದ್ದು ಕೈಕೊಡತೊಡಗಿತ್ತು. ಫೋನಿನ ಗಂಟೆ ಕೇಳದಿದ್ದರೆ ಫೋನು ಸರಿಯಿಲ್ಲ. ಮಾತು ಕೇಳದಿದ್ದರೆ, ಈಗಿನವರು ಬಾಯೊಳಗೇ ಮಾತಾಡುತ್ತಾರೆ. ಬೇರೆ ಊರಿನಲ್ಲಿದ್ದ ಮಗಳು ಕೊಡಿಸಿದ ಕಿವಿಯ ಮಿಷನ್ನನ್ನು ಒಂದು ವಾರ ಹಾಕಿಕೊಂಡು ಕಪಾಟಿಗೆ ಸೇರಿಸಿದ್ದರು. "ಅದರೊಳಗೆ ನಿಮ್ಮಪ್ಪನೂ ತಗಡು, ನೀನೂ ತಗಡು."

ಒಂದು ಬೆಳಗ್ಗೆ ಅಡುಗೆಮನೆಯಿಂದ ಬಂದು ಪ್ಲೇಯರಿನ ಮುಂದೆ ನಿಂತರು.

"ರೀ, ಈ ಹಾಡಲ್ಲಿ ಕೊಳಲಿತ್ತಲ್ಲ, ಎಲ್ಲಿ ಹೋಯ್ತು?"

ಕೊಳಲು ಆಗ ನುಡಿಯುತ್ತಲೇ ಇತ್ತು. ಮೇಷ್ಟ್ರು ಹೆಂಡತಿಯ ಮುಖವನ್ನೊಮ್ಮೆ, ಪ್ಲೇಯರನ್ನೊಮ್ಮೆ ನೋಡಿದರು.

"ಇದು ಕೆಟ್ಟಿದೆ ಕಣೇ. ರಿಪೇರಿ ಮಾಡ್ತೀನಿ."

ಮೂರು ವಾರ ಅದೇ ಕೆಲಸ. ಒಂದು ಬದಲಿಸುವುದು, ಕರೆಯುವುದು. "ಈಗ?" "ಇಲ್ಲ." "ಈಗ?" "ಎಲ್ಲೋ ಸ್ವಲ್ಪ." ಒಂದು ದಿನ ಅಮ್ಮ ಸೌಟು ಹಿಡಿದೇ ಓಡಿ ಬಂದರು.

"ಬಂತು! ನಾನು ಹೇಳ್ಲಿಲ್ವಾ, ಕೆಟ್ಟಿದೆ ಅಂತ?"

"ನೀನು ಹೇಳಿದ್ದೇ ಸರಿ," ಎಂದರು ಮೇಷ್ಟ್ರು.

ಡೋಲಿಗಾಗಿ ಮೂರು ತಿಂಗಳು ಕೂತು ಆ ಪ್ಲೇಯರು ಕಟ್ಟಿದ ಮನುಷ್ಯ ಅಂದಿನಿಂದ ದಿನಾ ಬೆಳಗ್ಗೆ ಕಿಟಕಿ ಬಾಗಿಲು ಮುಚ್ಚಿಕೊಂಡು ಬಿಸ್ಕತ್ತಿನ ಡಬ್ಬ ಕೇಳಿದರು. ಒಂದು ದಿನವೂ ಗೊಣಗಲಿಲ್ಲ.

*

"ಇವತ್ತೊಂದು ದಿನ ಹಳೇದನ್ನೇ ಹಾಕಬಹುದಲ್ವಾ?" ದರ್ಜಿ ಮೆತ್ತಗೆ ಕೇಳಿದ. "ಇಷ್ಟೊಂದು ಜನ ಬರ್ತಾರೆ. ಮೇಷ್ಟ್ರ ಹೆಸರು ಉಳಿಯುತ್ತೆ."

ಹತ್ತು ನಿಮಿಷದ ಕೆಲಸ. ಬೆಸುಗೆ ಹಾಕುವ ಕಡ್ಡಿ ಡ್ರಾಯರಿನಲ್ಲೇ ಇತ್ತು. ಗೆಳೆಯನ ಕೈಚಳಕ ಏನೆಂದು ಊರಿಗೆ ತೋರಿಸಬೇಕೆಂದು ಬೆಳಗಿನಿಂದ ಒದ್ದಾಡಿದ್ದವನು ಫ್ಯೂಸುವೇ. ಹಳೆಯ ಕಂಡೆನ್ಸರುಗಳ ಮೇಲೆ ಬೆರಳಾಡಿಸಿದ. ಮಂಚದತ್ತ ತಿರುಗಿದ.

"ಹೆಸರು ಇಟ್ಕೊಂಡು ಇವನೇನು ಮಾಡ್ತಾನೆ," ಎಂದು ಮುಚ್ಚಳ ಮುಚ್ಚಿ ಸ್ಕ್ರೂ ಬಿಗಿದ.

ಅಮ್ಮ ಹೊರಗೆ ಬಂದರು. "ಇನ್ನೂ ಹಾಕಿಲ್ವಾ? ಮತ್ತೆ ಕೆಟ್ಟು ಹೋಯ್ತಾ?"

"ಇಲ್ಲ ಅತ್ತಿಗೆ, ಚೆನ್ನಾಗಿದೆ."

"ಬಾಯಿಬಿಟ್ಟು ಹೇಳಪ್ಪ!"

"ಚೆನ್ನಾಗಿದೆ ಅಂದೆ!" ಎಂದು ಕೂಗಿದ ಫ್ಯೂಸು. ಮಗಳು ಡಿಸ್ಕ್ ಹಾಕಿ ವಾಲ್ಯೂಮನ್ನು ಕೊನೆಯವರೆಗೂ ತಿರುಗಿಸಿದಳು.

ಹಾಲಿನ ತುಂಬ ತಗಡು ಕಿರುಚಿತು. ಬಾಗಿಲಿಗೆ ಬಂದ ಗಾಡಿಯ ಡ್ರೈವರು ಒಂದು ಕಿವಿ ಮುಚ್ಚಿಕೊಂಡು ಪ್ಲೇಯರಿನ ಕಡೆ ಕೈ ಚಾಚಿದ. "ಸೌಂಡು ಸರಿಯಿಲ್ಲ ಸಾರ್, ಸ್ವಲ್ಪ—"

ದರ್ಜಿ ಅವನ ಮಣಿಕಟ್ಟು ಹಿಡಿದ. "ಸರಿಯಾಗೇ ಇದೆ. ನಿಂತ್ಕೊಂಡು ಕೇಳು."

ಡ್ರೈವರು ಗೋಡೆಗೆ ಒರಗಿದ. ಬಂದವರೆಲ್ಲ ಕಿವಿ ಮುಚ್ಚಿಕೊಳ್ಳದಂತೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಹಲ್ಲು ಕಚ್ಚಿ ನಿಂತರು. ಅಮ್ಮ ಮಂಚದ ಅಂಚಿನಲ್ಲಿ ಕೂತು ಗಂಡನ ಮುಂಗೈಯನ್ನು ತೊಡೆಯ ಮೇಲೆ ಎಳೆದುಕೊಂಡರು. ಅದರ ಮೇಲೆ ಅವರ ಎರಡೂ ಕೈಗಳ ಮೂರು ಮೂರು ಬೆರಳುಗಳು, ಕಾಣದ ತೂತುಗಳನ್ನು ಮುಚ್ಚುತ್ತ ತೆರೆಯುತ್ತ, ಕೊಳಲಿನ ಜೊತೆ ಓಡಾಡತೊಡಗಿದವು.