ಹುಳದಕ್ಕನ ಸಾಯದ ಕೋಶಗಳು

೧
ಎಲ್ಲಿಂದ ಶುರು ಮಾಡಲಿ? ‘ಒಂದು ಹುಳ ಸತ್ತಿತು’ ಎಂದು ಬರೆದೆ. ನನ್ನ ನಾಯಕಿ ಮೈಕ್ರೋಸ್ಕೋಪಿನಿಂದ ತಟ್ಟನೆ ತಲೆ ಎತ್ತಿದಳು. ಅಕ್ಕಿನುಚ್ಚಿಗಿಂತ ಸಣ್ಣ ದುಂಡುಹುಳಗಳನ್ನು ಸಾಕುವ ಸಂಶೋಧಕಿ, ಲ್ಯಾಬಿನವರಿಗೆಲ್ಲ ಹುಳದಕ್ಕ.

“ಕಥೆಗಾರ್ರೇ, ಹುಳ ಆರಾಮಾಗಿದೆ. ಸಾಯೋದು ಅದರೊಳಗೆ ಮೊಟ್ಟೆ ಆಗ್ಬೇಕಾದ ಕೋಶಗಳು. ಅದೂ ಹೆಚ್ಚುಕಮ್ಮಿ ಅರ್ಧ.”

೨
(ಹಾಗಾದರೆ ದುರಂತ ಕಥೆ. ಕರವಸ್ತ್ರ ಹತ್ತಿರ ಇಟ್ಟುಕೊಳ್ಳಿ.)

“ಅಳೋಂಥದ್ದೇನಿಲ್ಲ. ಸಾಯೋ ಮುಂಚೆ ತಮ್ಮಲ್ಲಿರೋದನ್ನ ಪಕ್ಕದವಕ್ಕೆ ಕೊಡ್ತಾವೆ. ಅದರಿಂದ್ಲೇ ಮೊಟ್ಟೆ ದೊಡ್ಡದಾಗೋದು. ಸಾಯಿಸೋ ಜೀನೂ ಅವುಗಳೊಳಗೇ ಇದೆ. ಆದ್ರೆ ಯಾವ್ದು ಸಾಯ್ಬೇಕು ಅಂತ ಯಾರು ಹೇಳ್ತಾರೆ? ಅದು ಸಿಕ್ರೆ ನನ್ನ ಪಿಎಚ್‌ಡಿ ಮುಗೀತು.”

ಈಗ ನನಗೂ ಅದೇ ಪ್ರಶ್ನೆ. ಬರೆಯುವುದನ್ನು ಬಿಟ್ಟು ಅವಳ ಮಗ್ಗುಲಲ್ಲಿ ಸ್ಟೂಲು ಎಳೆದುಕೊಂಡು ಕೂತೆ.

೪
(ಮೂರನೆಯ ಭಾಗ ಸತ್ತಿತು. ಅದರ ಸಾರವನ್ನು ಇದು ಹೀರಿಕೊಂಡಿದೆ; ದಪ್ಪಗಿರುವುದು ಅದಕ್ಕೇ.)

ಹುಳದಕ್ಕ ಒಂದು ಹೊಸ ಜೀನನ್ನು ಕೆಡಿಸಿ ನೋಡಿದಳು. ಆ ಹುಳಗಳನ್ನು ಸಾಕಿದ ಪ್ಲೇಟಿನಲ್ಲಿ ಒಂದು ಕೋಶವೂ ಸಾಯಲಿಲ್ಲ. ಯಾವುದು ಸಾಯಬೇಕೆಂದು ಹೇಳುವ ಜೀನು ಸಿಕ್ಕೇಬಿಟ್ಟಿತು! ಕಾಲು ನೆಲಕ್ಕೆ ತಾಗದಂತೆ ಓಡಿ ತನ್ನ ಗೈಡ್ ಮೇಡಂಗೆ ತೋರಿಸಿದಳು.

ಮೇಡಂ ಕೇಳಿದ್ದು ಒಂದೇ ಮಾತು. “ಪ್ಲೇಟಿಂದ ಪ್ಲೇಟಿಗೆ ಹೋಗೋವಾಗ ತಂತಿ ಸುಟ್ಟಿದ್ಯೇನಮ್ಮಾ?”

ಹುಳ ಎತ್ತುವುದು ಕೂದಲೆಳೆಯಂಥ ತಂತಿಯಿಂದ. ಪ್ರತಿ ಸಲವೂ ಅದನ್ನು ಬೆಂಕಿಗೆ ಹಿಡಿಯಬೇಕು. ಪಕ್ಕದ ಪ್ಲೇಟಿನಲ್ಲಿದ್ದದ್ದು ಸಾಯಿಸುವ ಜೀನೇ ಕೆಟ್ಟಿರುವ ಹಳೆಯ ತಳಿ; ಅದರಲ್ಲೂ ಕೋಶ ಸಾಯುವುದಿಲ್ಲ. ಅದರ ಒಂದು ಮರಿ ತಂತಿಗೆ ಅಂಟಿ ಬಂದರೂ ಸಾಕು, ಜೋಡಿಯ ಹಂಗಿಲ್ಲದೆ ಮೊಟ್ಟೆಯಿಟ್ಟು ಸಂಸಾರ ಬೆಳೆಸಿ ಪ್ಲೇಟು ತುಂಬಿಸುತ್ತದೆ. ಹಾಗಾಗಿದ್ದರೆ ಇಷ್ಟು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಸುಟ್ಟಳೋ ಇಲ್ಲವೋ, ಅವಳಿಗೆ ನೆನಪಿಲ್ಲ. (ನಾನೂ ಅದನ್ನು ಬರೆದಿರಲಿಲ್ಲ.)

ಮುಕ್ತಾಯ ಅ
“ತಂತಿ ಸುಟ್ಟಳು ಅಂತ ಈಗ ಬರೀಲಾ ಅಕ್ಕಾ? ಒಂದೇ ವಾಕ್ಯ. ಡಾಕ್ಟರ್ ಹುಳದಕ್ಕ ಆಗ್ಬಿಡ್ತೀರಿ.”

ಅವಳು ನನ್ನ ಪೆನ್ನನ್ನೇ ಆಸೆಯಿಂದ ನೋಡಿದಳು. ಆಮೇಲೆ ಬೇಡವೆಂದು ತಲೆಯಾಡಿಸಿದಳು.

ಮುಕ್ತಾಯ ಆ
“ಸರಿ, ಸುಡ್ಲಿಲ್ಲ ಅಂತ ಬರೀತೀನಿ. ಓದೋರು ಅಯ್ಯೋ ಪಾಪ ಅಂತಾರೆ.”

“ಅದೂ ಬೇಡ. ನಿಮಗೆ ಕಥೆ ಮುಗೀಬೇಕು. ನನಗೆ ಗೊತ್ತಾಗ್ಬೇಕು.”

ಆ ಹುಳಗಳನ್ನೇ ಅರೆದು ಪರೀಕ್ಷೆಗೆ ಹಾಕಿದಳು. ಸಾಯಿಸುವ ಜೀನು ಅವುಗಳಲ್ಲಿ ನೆಟ್ಟಗಿದ್ದರೆ ಶೋಧ ಅವಳದು. ಕೆಟ್ಟಿದ್ದರೆ ಎಲ್ಲ ಮೊದಲಿನಿಂದ. ಏನು ಬರುತ್ತದೋ ನನಗೂ ಗೊತ್ತಿಲ್ಲ, ನಿಮ್ಮಾಣೆ.

ಯಂತ್ರ ಬೀಪ್ ಎಂದಿತು. ನಾನು ಪೆನ್ನು ಹಿಡಿದು ಪರದೆಯತ್ತ ಬಗ್ಗಿದೆ.

“ಆ ಕಡೆ ಸರೀರಿ,” ಎಂದಳು. “ಮೊದಲು ನಾನು ನೋಡ್ತೀನಿ.”

ಸರಿದೆ.