ಮಸೆಯದ ಚಾಕು

ಎಲ್ಫ್ರೀಡಾಳ ಅಡುಗೆಮನೆಯಲ್ಲಿ ಹರಿತವಾದ ಒಂದು ಚಾಕೂ ಇರಲಿಲ್ಲ. ಸ್ಯಾನ್ ಹೋಸೆಯ ಎವರ್‌ಗ್ರೀನ್ ಬಡಾವಣೆಯಲ್ಲಿ ಪಕ್ಕದ ಮನೆಯ ನೂರುನ್ನಿಸಾ ಒಮ್ಮೆ ಈರುಳ್ಳಿ ಹೆಚ್ಚಲು ಹೋಗಿ, "ಈ ಚಾಕುಲೆ ಬೆಣ್ಣಿನೂ ಕೊಯ್ಯಾಕ ಆಗಂಗಿಲ್ರೀ ಅಕ್ಕಾ" ಎಂದು ನಕ್ಕಿದ್ದಳು. ಎಲ್ಫ್ರೀಡಾ, ಎಪ್ಪತ್ತರ ಜರ್ಮನ್ ಮುದುಕಿ, ನಗಲಿಲ್ಲ. ಸಾವಿರದ ಒಂಬೈನೂರ ಐವತ್ತೆರಡರಲ್ಲಿ ಹಡಗು ಹತ್ತಿ ಬಂದು ಸ್ಯಾನ್ ಹೋಸೆಯ ಹಣ್ಣಿನ ಕಾರ್ಖಾನೆ ಸೇರಿದಾಗ, ಏಪ್ರಿಕಾಟ್ ಕೊಯ್ಯುವ ಹಗುರ ಕೆಲಸ ಬಿಟ್ಟು ಡಬ್ಬಿ ಹೊರುತ್ತೇನೆ ಎಂದವಳು ಅವಳು. ಸೊಂಟ ಹೋಯಿತೇ ಹೊರತು ಚಾಕು ಹಿಡಿಯಲಿಲ್ಲ. ಕಾರಣವನ್ನು ಗಂಡನಿಗೂ ಹೇಳಲಿಲ್ಲ; ಪಾಪ, ಅವನು ಕೇಳಿ ಕೇಳಿ ಸಾಕಾಗಿ ತೀರಿಕೊಂಡ.

ಅಂಥವಳು ಎರಡು ಸಾವಿರದ ಒಂದರ ಬಕ್ರೀದಿಗೆ ಗಿಲ್‌ರಾಯ್‌ನ ಫಾರ್ಮಿಗೆ ಹೊರಟದ್ದು ಯುಸ್ರಾಳಿಗಾಗಿ. ನೂರುನ್ನಿಸಾಳ ಈ ಎಂಟು ವರ್ಷದ ಮೊಮ್ಮಗಳು ಸ್ಕೂಲು ಬಿಟ್ಟ ಮೇಲೆ ಬೆಳೆದದ್ದೆಲ್ಲ ಎಲ್ಫ್ರೀಡಾಳ ಮನೆಯಲ್ಲೇ. ಹಾನಗಲ್ಲಿನ ಅಜ್ಜಿಗೆ ಇಂಗ್ಲಿಷ್ ಬಾರದು, ಜರ್ಮನ್ ಅಜ್ಜಿಗೆ ಕನ್ನಡ ಬಾರದು. ಇಬ್ಬರ ಮಾತೂ ಈ ಹುಡುಗಿಯ ಬಾಯಿಂದಲೇ ದಾಟಬೇಕು. ತನ್ನ ಜರ್ಮನ್ ಅಜ್ಜಿ, ಓಮಾ, ಬರದಿದ್ದರೆ ತಾನೂ ಬರುವುದಿಲ್ಲ ಎಂದು ಅವಳು ಹಟ ಹಿಡಿದಿದ್ದಳು.

ಯುಸ್ರಾಳ ಅಪ್ಪ ಅನ್ವರ್‌ನ ಕಂಪನಿ ಜನವರಿಯಲ್ಲಿ ಬಾಗಿಲು ಹಾಕಿತ್ತು. ಎರಡು ತಿಂಗಳು ಸೋಫಾದ ಮೇಲೆ ಬಿದ್ದಿದ್ದವನಿಗೆ ಏನಾದರೊಂದನ್ನು ಕೈಯಾರೆ ಮಾಡಿ ತೋರಿಸುವ ಹುಕಿ ಬಂತು. ಈ ಸಲ ಕುರ್ಬಾನಿ ತಾನೇ ಕೊಡುತ್ತೇನೆಂದ. ಕೀಬೋರ್ಡು ಬಿಟ್ಟು ಬೇರೇನೂ ಕಾಣದ ಕೈ ಅದು.

ಫಾರ್ಮಿನ ಮಣ್ಣು ರಕ್ತ ಕುಡಿದು ಕೆಸರಾಗಿತ್ತು. ಹಲಗೆ ಗೋಡೆಯಾಚೆ ಒಂದೊಂದೇ ಟಗರು ಉರುಳುತ್ತಿತ್ತು. ಈಚೆ ಯುಸ್ರಾ ತಮ್ಮ ಪಾಲಿನ ಟಗರಿನ ಹಗ್ಗವನ್ನು ಮಣಿಕಟ್ಟಿಗೆ ಎರಡು ಸುತ್ತು ಸುತ್ತಿಕೊಂಡು ನಿಂತಿದ್ದಳು. ನಾಲ್ಕು ಹೆಜ್ಜೆ ಹಿಂದೆ, ಚಳಿಗಾಲದ ಮಳೆನೀರು ತುಂಬಿದ ಕಾಲುವೆಯ ಬದಿಗೆ ಎಲ್ಫ್ರೀಡಾ. ಅನ್ವರ್ ಚಾಕುವನ್ನು ಹೆಬ್ಬೆರಳಿಗೆ ಒತ್ತಿ ನೋಡಿ, ಟಗರಿನ ಮೂತಿಯ ಮುಂದೆಯೇ ಕುಕ್ಕರಗಾಲಲ್ಲಿ ಕೂತು ಕಲ್ಲಿಗೆ ಮಸೆಯತೊಡಗಿದ.

"ಅದರ ಮುಂದ ಮಸೀಬ್ಯಾಡೋ ಅನ್ವರ್. ಅದರ ಕಣ್ಣಿಗೆ ಚಾಕು ಬೀಳಬಾರದು," ಎಂದಳು ನೂರುನ್ನಿಸಾ.

"ಲೈನಲ್ಲಿ ಜನ ಕಾಯ್ತಿದಾರೆ ಅಮ್ಮೀ. ಎರಡೇ ನಿಮಿಷ."

ನೂರುನ್ನಿಸಾ ಏನೆಂದಳೆಂದು ಎಲ್ಫ್ರೀಡಾ ಕೇಳಿದಳು. ಯುಸ್ರಾ ಇಂಗ್ಲಿಷಿನಲ್ಲಿ ಹೇಳಿದಳು. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರಲ್ಲ, ಎಲ್ಫ್ರೀಡಾಳಿಗೆ ಅದು ಬರಲು ಐವತ್ತಾರು ವರ್ಷ ಹಿಡಿಯಿತು.

ಮಸೆಯುವ ಇದೇ ಸದ್ದು. ನಲವತ್ತೈದರ ಚಳಿಗಾಲ, ಯುದ್ಧದ ಕೊನೆ, ಜರ್ಮನ್ನರ ಪೂರ್ವ ಪ್ರಶ್ಯ. ರಷ್ಯನ್ ಸೈನ್ಯಕ್ಕೆ ಹೆದರಿ ಊರು ಬಿಟ್ಟವರ ಬಂಡಿಗಳು ಹೆಪ್ಪುಗಟ್ಟಿದ ಹಿನ್ನೀರಿನ ಮೇಲೆ ಸಾಗುತ್ತಿದ್ದವು. ವಿಮಾನವೊಂದು ಕೆಳಗಿಳಿದು ಗುಂಡು ಸುರಿಸಿ ಹೋಯಿತು. ಮುಂದಿನ ಬಂಡಿಯ ಹೆಂಗಸಿಗೆ ಅರ್ಧ ತಲೆ ಉಳಿದಿತ್ತು. ಇವರ ಕುದುರೆಯ ಹೊಟ್ಟೆ ಹರಿದು ಕರುಳು ಜೋತು ಹಬೆಯಾಡುತ್ತಿತ್ತು; ಆದರೂ ಅದು ನಿಂತೇ ಇತ್ತು. ಅದನ್ನು ಕೊಲ್ಲಲು ಅಮ್ಮನ ಕೈ ಏಳಲಿಲ್ಲ. ಹದಿನಾಲ್ಕರ ಎಲ್ಫ್ರೀಡಾ ಚಾಕು ತೆಗೆದಳು. ಪ್ರಾಣಿಗೆ ನೋವು ಕಮ್ಮಿಯಾಗಲಿ ಎಂದು ಅದರ ಕಣ್ಣೆದುರೇ ಕೂತು ಮಸೆದಳು. ಕುದುರೆ ನೋಡಿತು, ಕರುಳು ಎಳೆದುಕೊಂಡೇ ಓಡಿತು. ಬಂಡಿಯಲ್ಲಿ ಲಗಾಮನ್ನು ಕೈಗೆ ಸುತ್ತಿಕೊಂಡು ಕೂತಿದ್ದಳು ಆರು ವರ್ಷದ ತಂಗಿ ಉರ್ಸೆಲ್. ಮಂಜುಗಡ್ಡೆ ಬಿರಿಯಿತು. ಕುದುರೆ, ಬಂಡಿ, ತಂಗಿ ಎಲ್ಲ ಒಟ್ಟಿಗೇ ಮುಳುಗಿದವು. ಅಕ್ಕನ ಕೈಯಲ್ಲಿ ಚಾಕು ಉಳಿಯಿತು, ಚೆನ್ನಾಗಿ ಹರಿತವಾಗಿ.

"ಹಗ್ಗ ಬಿಚ್ಚು," ಎಂದು ಎಲ್ಫ್ರೀಡಾ ಕೂಗಿದಳು. ಕೂಗಿದ್ದು ಜರ್ಮನ್‌ನಲ್ಲಿ, ಯಾರಿಗೂ ತಿಳಿಯಲಿಲ್ಲ.

ಅಷ್ಟರಲ್ಲಿ ಟಗರು ಎಗರಿತ್ತು. ಅನ್ವರ್‌ನನ್ನು ಗುಮ್ಮಿ ಕೆಡವಿತು. ಅವನ ಚಾಕು ಅವನದೇ ಅಂಗೈ ಸೀಳಿತು. ಯುಸ್ರಾ ಮುಖ ಅಡಿಯಾಗಿ ಬಿದ್ದಳು. ಅವಳನ್ನು ಜಲ್ಲಿಯ ಮೇಲೆ ದರದರ ಎಳೆದುಕೊಂಡು ಟಗರು ಕಾಲುವೆಯತ್ತ ನುಗ್ಗಿತು.

ಎಲ್ಫ್ರೀಡಾ ಓಡಲಿಲ್ಲ, ಓಡುವ ಸೊಂಟವೂ ಅದಲ್ಲ. ಅಡ್ಡ ಬಿದ್ದಳು. ಕೊಂಬು ಬಾಯಿಗೆ ಬಡಿದು ಎರಡು ಹಲ್ಲು ಉದುರಿದವು, ಪಕ್ಕೆಯಲ್ಲಿ ಏನೋ ಲಟಕ್ಕೆಂದಿತು. ಎರಡೂ ಕೈಯಲ್ಲಿ ಕೊಂಬು ಹಿಡಿದಳು. ಟಗರು ತುಳಿಯಿತು, ಒದೆಯಿತು, ಅವಳನ್ನೂ ಎಳೆಯಿತು. ಜನ ಓಡಿ ಬಂದು ಅದರ ಮೇಲೆ ಬೀಳುವವರೆಗೂ ಅವಳು ಬಿಡಲಿಲ್ಲ. ಆಗ ಅವಳ ಕಾಲು ನೀರಿನಲ್ಲಿತ್ತು.

ಟಗರನ್ನು ಯಾರೋ ಗೋಡೆಯಾಚೆ ಕೊಂಡೊಯ್ದರು. ಯುಸ್ರಾಳ ಮಣಿಕಟ್ಟಿನ ಚರ್ಮ ಕಿತ್ತುಬಂದಿತ್ತು. ಎಲ್ಫ್ರೀಡಾ ಹಗ್ಗವನ್ನು ಒಂದು ಸುತ್ತು, ಮತ್ತೊಂದು ಸುತ್ತು ಬಿಚ್ಚಿದಳು. ಬಿಚ್ಚುತ್ತಲೇ, ಬಾಯಿತುಂಬ ರಕ್ತ ಇಟ್ಟುಕೊಂಡೇ ಇಂಗ್ಲಿಷಿನಲ್ಲಿ ಉರ್ಸೆಲ್‌ಳ ಕಥೆ ಹೇಳಿದಳು. ಮಗುವಿನ ಬಾಯಲ್ಲಿ ಬರಬಾರದ ಕಥೆ. ಯುಸ್ರಾ ಬಿಕ್ಕುತ್ತ, ಮುರುಕು ಕನ್ನಡದಲ್ಲಿ ಅದನ್ನು ಅಜ್ಜಿ ನೂರುನ್ನಿಸಾಳಿಗೆ ದಾಟಿಸಿದಳು. "ನನಗೆ ಯಾರೂ ಹೇಳಿರಲಿಲ್ಲ" ಎಂಬುದು ಅದರ ಕೊನೆಯ ಮಾತು.

ನೂರುನ್ನಿಸಾ ದುಪಟ್ಟಾದಿಂದ ಎಲ್ಫ್ರೀಡಾಳ ಗಲ್ಲ ಒರೆಸಿದಳು. ಅಂಗೈ ಹಿಡಿದುಕೊಂಡು ತಲೆ ತಗ್ಗಿಸಿ ಕೂತಿದ್ದ ಮಗನ ಕಡೆ ನೋಡಿದಳು.

"ನಿಮಗ ಯಾರೂ ಹೇಳಿದ್ದಿಲ್ರೀ ಅಕ್ಕಾ, ಆಗ ನೀವು ಸಣ್ಣ ಹುಡುಗಿ. ಇವಗ ನಾನು ಹೇಳೀನಿ. ಕೇಳಿದನೇನು?"

ಯುಸ್ರಾ ಇಂಗ್ಲಿಷಿನಲ್ಲಿ ಹೇಳಿದಳು. ಎಲ್ಫ್ರೀಡಾ ಅವಳ ಮಣಿಕಟ್ಟು ಹಿಡಿದೇ ಇದ್ದಳು.

"ನನ್ನ ಬಗ್ಗೆ ಅಂದದ್ದು, ಇನ್ನೊಂದು ಸಲ ಹೇಳು," ಎಂದಳು.