ಬಸವೇಶ ಮೇಷ್ಟ್ರ ಹೈಡ್ರೋಜನ್

ಅಜ್ಜೀಪುರದ ಹೈಸ್ಕೂಲಿನಲ್ಲಿ ಬಸವೇಶ ಮೇಷ್ಟ್ರ ರಸಾಯನಶಾಸ್ತ್ರದ ಪಾಠವೆಂದರೆ ಬಲು ಸೊಗಸು. ಕೆಂಪು ಚಾಕಿನಲ್ಲಿ ಬೆಂಕಿ, ನೀಲಿ ಚಾಕಿನಲ್ಲಿ ನೀರು, ಬಿಳಿ ಗುಳ್ಳೆಗಳಲ್ಲಿ ಅನಿಲ. "ಹೈಡ್ರೋಜನ್ ಗಾಳಿಗಿಂತ?" ಎಂದು ಅವರು ಕೇಳಿದರೆ ಸೂರು ಹಾರಿಹೋಗುವಂತೆ ಮಕ್ಕಳು "ಅಗುರಾ!" ಎನ್ನುತ್ತಿದ್ದರು. "ಬೆಂಕಿ ತಂದರೆ?" "ಟಪ್ ಅಂತದೆ ಸಾ!"

ಆ ಟಪ್ಪನ್ನು ಮೇಷ್ಟ್ರು ಮಾತ್ರ ಜನ್ಮದಲ್ಲಿ ಕೇಳಿರಲಿಲ್ಲ. ಕಾಲೇಜಿನ ಲ್ಯಾಬಿನಲ್ಲಿ ಅವರು ಕಂಡದ್ದು ಮುಂದೆ ನಿಂತವರ ಬೆನ್ನುಗಳನ್ನು. ಕೆಲಸಕ್ಕೆ ಸೇರಿದ ಮೇಲೆ, ಗಾಜು ಒಡೆದರೆ ಯಾರಪ್ಪ ಉತ್ತರ ಹೇಳೋದು ಎಂದು ಪ್ರಯೋಗದ ಸಾಮಾನಿನ ಬೀರುವಿಗೆ ಬೀಗ ಜಡಿದರು. ಮಕ್ಕಳು ಪಾಸಾಗುತ್ತಿದ್ದರು, ಯಾರೂ ಕೇಳಲಿಲ್ಲ.

ಹೀಗಿರುವಾಗ ಕೊಳ್ಳೇಗಾಲದಲ್ಲಿ ತರಬೇತಿ ಬಂತು. ಅನಿಲಗಳನ್ನು ತರಗತಿಯಲ್ಲೇ ತಯಾರಿಸಿ ತೋರಿಸುವುದನ್ನು ಮೇಷ್ಟ್ರುಗಳಿಗೆ ಕಲಿಸುವ ಏರ್ಪಾಡು. ಕೊಳ್ಳೇಗಾಲ, ಹನೂರು, ಯಳಂದೂರು, ಮೂರೂ ತಾಲ್ಲೂಕಿನ ಮೇಷ್ಟ್ರು, ಮೇಡಮ್ಮುಗಳು ಬಂದು, ಬಂದವರೆಲ್ಲ ಹಿಂದಿನ ಬೆಂಚಿಗೇ ಮುಗಿಬಿದ್ದರು. ಪಾಠ ಹೇಳುವವರನ್ನು ಕೂರಿಸಿ ಪಾಠ ಹೇಳುವಷ್ಟು ಕಷ್ಟ ಬೇರೊಂದಿಲ್ಲ.

ಕಲಿಸಲು ಬಂದವಳನ್ನು ಬಸವೇಶ ಮೇಷ್ಟ್ರು ಕತ್ತೆತ್ತಿ ನೋಡಿದರು. ದಿವ್ಯ! ಅವರು ಮೊದಲು ಮಾಂಬಳ್ಳಿಯ ಶಾಲೆಯಲ್ಲಿದ್ದಾಗ ಮುಂದಿನ ಸಾಲಿನಲ್ಲಿ ಕೂರುತ್ತಿದ್ದ ಹುಡುಗಿ.

"ನಾನು ಕೆಮಿಸ್ಟ್ರಿ ಹಿಡಿದಿದ್ದೇ ನಮ್ಮ ಬಸವೇಶ ಸರ್ ಪಾಠ ಕೇಳಿ. ಮೊದಲನೇ ಪ್ರಯೋಗ ಅವರ ಕೈಯಿಂದಲೇ ಆಗಲಿ," ಎಂದುಬಿಟ್ಟಳು ಆಕೆ ತುಂಬಿದ ಸಭೆಯಲ್ಲಿ.

ಸಭೆ ನಕ್ಕರೆ ನಗಲಿ, ಮೇಷ್ಟ್ರು ತಲೆಕೆಡಿಸಿಕೊಳ್ಳುವವರಲ್ಲ. ಆದರೆ ತಮ್ಮ ಮಾತು ಕೇಳಿ ಈ ದಾರಿ ಹಿಡಿದವಳು ಇವಳೊಬ್ಬಳೇ. ಇವಳ ಕಣ್ಣಿನಲ್ಲಿ ಸಣ್ಣವನಾಗುವುದು ಅವರಿಗೆ ಸುತರಾಂ ಬೇಡವಾಗಿತ್ತು.

ಬಾಟಲಿಯಲ್ಲಿ ಸತುವಿನ ಚೂರುಗಳಿದ್ದವು. ನೀರು ಬೆರೆಸಿ ತೆಳುವಾಗಿಸಿದ ಆಮ್ಲವನ್ನು ಹಾಕಿದ್ದೇ ತಡ, ಗುಳ್ಳೆ ಬುಸುಬುಸು ಎದ್ದಿತು. ಬಿರಡೆಯಿಂದ ಹೊರಟ ರಬ್ಬರ್ ಪೈಪನ್ನು ಮೇಷ್ಟ್ರು ಟೆಸ್ಟ್ ಟ್ಯೂಬಿಗೆ ಇಳಿಬಿಟ್ಟು, ನಲ್ಲಿಗೆ ಬಿಂದಿಗೆ ಹಿಡಿದ ಹಾಗೆ ಬಾಯಿ ಮೇಲು ಮಾಡಿ ಹಿಡಿದರು. ತುಂಬಿತೆಂದು ಲೆಕ್ಕ ಹಾಕಿ ಪೈಪು ತೆಗೆದು, ಆಚೆಯ ಮೇಜಿನ ಮೇಲೆ ಉರಿಯುತ್ತಿದ್ದ ಮೇಣದಬತ್ತಿಯವರೆಗೆ ಒಂದು ತೊಟ್ಟೂ ಚೆಲ್ಲದಂತೆ ಮೆಲ್ಲಗೆ ನಡೆದು ಹೋದರು.

ಟಪ್ಪೂ ಇಲ್ಲ, ಗಿಪ್ಪೂ ಇಲ್ಲ.

"ಸರ್, ಸತು ಹಳೇದಿರಬೇಕು," ಎಂದಳು ದಿವ್ಯ ಅವಸರದಲ್ಲಿ. ಬೇರೆ ಸತು ಬಂತು. ಮತ್ತೆ ಅದೇ ಮೌನ. "ಟ್ಯೂಬ್ ಒದ್ದೆ ಇತ್ತೇನೋ." ಟ್ಯೂಬು ಬದಲಾಯಿತು. "ಕಿಟಕಿ ಗಾಳಿ ಜಾಸ್ತಿ." ಕಿಟಕಿ ಮುಚ್ಚಿತು.

"ಏನ್ ಬಸವೇಶಪ್ಪ, ನಿಮ್ ಐಡ್ರೋಜನ್ನು ಮೌನವ್ರತ ಇಡ್ದದಾ?" ಎಂದರು ಯಳಂದೂರಿನ ಶಿವರುದ್ರಸ್ವಾಮಿ ಮೇಷ್ಟ್ರು. ಸಭೆ ಗೊಳ್ಳೆಂದಿತು.

ಮೇಷ್ಟ್ರು ದಿವ್ಯಳ ಮುಖ ನೋಡಿದರು. ಕೆಂಪಾಗಿತ್ತು. ಎಲ್ಲಿ ಎಡವಟ್ಟಾಗಿದೆ ಎಂದು ಹುಡುಗಿಗೆ ಗೊತ್ತು, ಗುರುವಿನ ತಪ್ಪನ್ನು ನಾಲ್ಕು ಜನರೆದುರು ಹೇಳಲಾರದೆ ಸತುವನ್ನೂ ಗಾಳಿಯನ್ನೂ ಬೈಯುತ್ತಿದ್ದಾಳೆ. ಮೇಷ್ಟ್ರಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಅವಳ ಮೇಲೆ ಅಕ್ಕರೆ ಉಕ್ಕಿತು.

"ಲೇ ದಿವ್ಯ, ಸತುನ್ಯಾಕವ್ವ ಬಯ್ತೀಯೆ? ತಪ್ಪು ನಂದು ಕಣವ್ವ. ಏನು ಅಂತ ಏಳು."

ದಿವ್ಯ ತಲೆ ತಗ್ಗಿಸಿದಳು. "ಸಾ... ಹೈಡ್ರೋಜನ್ ಗಾಳಿಗಿಂತ?"

"ಅಗುರಾ!" ಎಂದಿತು ಇಡೀ ಸಭೆ.

ಮೇಷ್ಟ್ರು ತಮ್ಮ ಕೈಯನ್ನೇ ನೋಡಿಕೊಂಡರು. ಹಗುರವಾದದ್ದು ಮೇಲೆ ಹೋಗುತ್ತದೆ. ತಾವು ಜೋಪಾನವಾಗಿ ಹೊತ್ತು ತಂದದ್ದು ಖಾಲಿ ಟ್ಯೂಬನ್ನು! "ಅಯ್ಯೋ ನನ್ ಬುದ್ಧಿಗಿಷ್ಟು," ಎಂದು ಹಣೆ ಚಚ್ಚಿಕೊಂಡು ಟ್ಯೂಬನ್ನು ಬೋರಲು ಹಿಡಿದರು. ತುಂಬಿಸಿಕೊಂಡು, ಬೋರಲಾಗಿಯೇ ಬತ್ತಿಯ ಬಳಿ ತಂದರು.

ಟಪ್!

ಮೇಷ್ಟ್ರು ಬೆಚ್ಚಿ ಒಂದು ಹೆಜ್ಜೆ ಹಿಂದೆ ನೆಗೆದರು. ಆಮೇಲೆ ಮಗುವಿನ ಹಾಗೆ ನಕ್ಕರು. "ಇನ್ನೊಂದ್ಸಲ!" ಎಂದು ಮತ್ತೆ ಮಾಡಿದರು, ಊಟಕ್ಕೆ ಕರೆಯುವವರೆಗೂ ಬಿಡಲಿಲ್ಲ.

ಮಾರನೆಯ ವಾರ ಅಜ್ಜೀಪುರದಲ್ಲಿ ಬೀರುವಿನ ಬೀಗ ತೆರೆಯಿತು. ಮೇಷ್ಟ್ರು ಮಕ್ಕಳೆದುರು ಎಲ್ಲವನ್ನೂ ಜೋಡಿಸಿ, ಟ್ಯೂಬನ್ನು ಬೇಕೆಂದೇ ಬಾಯಿ ಮೇಲು ಮಾಡಿ ಹಿಡಿದರು. ಟಪ್ಪು ಬರಲಿಲ್ಲ. "ಸತು ಹಳೇದು ಅಂತ ಕಾಣ್ತದೆ," ಎಂದರು. ಮಕ್ಕಳು ಹೌದೆಂದು ತಲೆಯಾಡಿಸಿದರು. ಮತ್ತೆ ಹಾಗೆಯೇ ಹಿಡಿದು, "ಗಾಳಿ ಜಾಸ್ತಿ," ಎಂದರು. ಅದಕ್ಕೂ ತಲೆಯಾಡಿಸಿದರು. ಇವರಿಗೆ ಹೀಗೆ ತಲೆಯಾಡಿಸಲು ಕಲಿಸಿದವನು ತಾನೇ ಅಲ್ಲವೇ ಎಂದು ಮೇಷ್ಟ್ರು ತಮ್ಮನ್ನೇ ಬೈದುಕೊಂಡರು. ಆದರೂ ಬಿಡದೆ ಮೂರನೆಯ ಸಲ ಹಿಡಿದು ನಿಂತರು.

ಕಿಟಕಿಯ ಪಕ್ಕದ ಸಿಂಧು ಅರ್ಧ ಎದ್ದಳು, ಕೂತಳು, ಮತ್ತೆ ಎದ್ದಳು.

"ಸಾ... ಬಯ್ಬ್ಯಾಡಿ. ನೀವು ತಪ್ಪು ಇಡ್ಕಂಡಿದ್ದೀರಿ. ಅದು ಅಗುರ ಅಲ್ವಾ, ಮ್ಯಾಕ್ಕೆ ಓಯ್ತಾ ಅದೆ."

ಮೇಷ್ಟ್ರ ಕಣ್ಣು ತುಂಬಿತ್ತು, ಮುಖದ ತುಂಬ ನಗು.

"ಊಂ ಕಣವ್ವ, ತಪ್ಪು ಇಡ್ಕಂಡಿವ್ನಿ," ಎಂದು ಅವರು ಟ್ಯೂಬನ್ನು ಅವಳ ಕೈಗೆ ಕೊಟ್ಟರು. "ಬಾ, ಎಂಗೆ ಇಡೀಬೇಕು ಅಂತ ನಂಗೆ ತೋರ್ಸು."